ಒಂದು ತಿಂಗಳು ಮುಂದಿರುವ ಮನೆ: ಕಡಿಮೆ ಖರ್ಚಿನಲ್ಲಿ ಕೆಟ್ಟ ಕಾಲಕ್ಕೆ ತಯಾರಿ

2020ರ ಮಾರ್ಚ್ 24ರ ರಾತ್ರಿ ಟಿವಿಯಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಇನ್ನೂ ಒಂದು ತಾಸು ಆಗಿರಲಿಲ್ಲ. ನಾನು ವಿಜಯಪುರದ ನಮ್ಮ ಓಣಿಯ ಕಿರಾಣಿ ಅಂಗಡಿ ಮುಂದೆ ಕೈಚೀಲ ಹಿಡಿದು ನಿಂತಿದ್ದೆ. ಶಟರ್ ಅರ್ಧ ಇಳಿದಿತ್ತು. ಒಳಗಿನಿಂದ ಸಾಹುಕಾರರು ಮನೆಗೆ ಒಂದು ಕಿಲೋ ಬೇಳೆ, ಎರಡು ಕಿಲೋ ಅಕ್ಕಿ ಅಂತ ಅಳೆದು ಕೊಡುತ್ತಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಬೇಳೆ ಮುಗಿದಿತ್ತು. ಮನೆಯಲ್ಲಿದ್ದದ್ದು ಮೂರು ದಿನದ ಜೋಳದ ಹಿಟ್ಟು. ಗಿರಣಿಯೂ ಬಂದ್. ಬರಿಗೈಲಿ ಬಂದವನನ್ನು ನೋಡಿ ಅವ್ವ ಬೈಯಲಿಲ್ಲ, ಬರೇ ಕೇಳಿದಳು: “ಜ್ವಾಳಾ ಇಲ್ಲದ ಮನಿ ಎಂಥಾ ಮನಿಯೋ ತಮ್ಮಾ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮಾಡಿದ ತಯಾರಿಯ ಲೆಕ್ಕ ಇದು. ಬಾಡಿಗೆ ಮನೆ, ಎರಡು ಕೋಣೆ, ಒಂದೂವರೆ ಸಂಬಳ. ಇಷ್ಟರಲ್ಲೇ ಆಗಿದ್ದು.

ಆರ್ಥಿಕ ಕುಸಿತ ಅಂದರೆ ಸಿನಿಮಾದಲ್ಲಿ ತೋರಿಸುವಂತೆ ಒಂದೇ ರಾತ್ರಿ ಊರು ಹೊತ್ತಿ ಉರಿಯುವುದಲ್ಲ. 2022ರಲ್ಲಿ ಶ್ರೀಲಂಕಾ ಸರಕಾರ ವಿದೇಶಿ ಸಾಲ ತೀರಿಸಲಾಗದೆ ಕೈ ಎತ್ತಿದಾಗ ಜನ ದಿನವೂ ಎದ್ದು ಕೆಲಸಕ್ಕೆ ಹೋಗುತ್ತಲೇ ಇದ್ದರು. ಆದರೆ ಪೆಟ್ರೋಲಿಗೆ ದಿನಗಟ್ಟಲೆ ಪಾಳಿ, 13 ತಾಸಿನವರೆಗೆ ಕರೆಂಟಿಲ್ಲ, ಆಸ್ಪತ್ರೆಯಲ್ಲಿ ಔಷಧಿಯಿಲ್ಲ. ಅದೇ ಸೆಪ್ಟೆಂಬರಿಗೆ ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 70ರಷ್ಟು ಏರಿದ್ದವು. 2001ರ ಡಿಸೆಂಬರಿನಲ್ಲಿ ಅರ್ಜೆಂಟೀನಾದ ಜನರಿಗೆ ತಮ್ಮದೇ ಬ್ಯಾಂಕ್ ಖಾತೆಯಿಂದ ವಾರಕ್ಕೆ 250 ಪೆಸೊ ಮಾತ್ರ ತೆಗೆಯಲು ಬಿಟ್ಟರು. ಬೀದಿ ಗಲಾಟೆ ಆಮೇಲೆ ಬಂತು. ನಮ್ಮ ದೇಶವೂ 1991ರಲ್ಲಿ ಸುಮಾರು 47 ಟನ್ ಬಂಗಾರ ಒತ್ತೆಯಿಟ್ಟು ಉಸಿರಾಡಿದ್ದುಂಟು. ಎಲ್ಲ ಕಡೆ ಬಡವನ ಮನೆಗೆ ಬಿದ್ದ ಪೆಟ್ಟು ಒಂದೇ ತರಹದ್ದು: ಇಂದು ದುಡಿದು ಇಂದು ತರುವವನಿಗೆ ಇಂದು ಸಿಗಲಿಲ್ಲ.

ಹಾಗಾಗಿ ನನ್ನ ಸೂತ್ರ ಸಣ್ಣದು. ಕಾಳು, ರೊಕ್ಕ, ಗುಳಿಗೆ, ಗ್ಯಾಸು, ಯಾವುದರಲ್ಲೂ ಮನೆ ಒಂದು ತಿಂಗಳು ಮುಂದಿರಬೇಕು. ಮುಂದಿನ ತಿಂಗಳ ಸಂತೆ ಈ ತಿಂಗಳೇ ಆಗಿರಬೇಕು. ಹೊಸದೇನನ್ನೂ ಕೊಳ್ಳುವುದಿಲ್ಲ, ಹೇಗೂ ತಿನ್ನುವುದನ್ನೇ ಮೊದಲು ಕೊಳ್ಳುತ್ತೇವೆ. ಅದಕ್ಕೇ ಇದು ಅಗ್ಗ.

ಮೊದಲು ರೊಕ್ಕ

ಕಾಳಿಗಿಂತ ಮೊದಲು ಸಾಲ ನೋಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 36. ಕ್ರೆಡಿಟ್ ಕಾರ್ಡಿನ ಬಾಕಿಯೂ ಹೆಚ್ಚುಕಡಿಮೆ ಅಷ್ಟೇ. ಆ ಸಾಲ ಇಟ್ಟುಕೊಂಡು ಮನೆ ತುಂಬ ಡಬ್ಬಿ ಜೋಡಿಸುವುದು ತಯಾರಿಯಲ್ಲ. ಕೆಟ್ಟ ಕಾಲದಲ್ಲಿ ಮೊದಲು ಹೋಗುವುದು ನೌಕರಿ, ಆದರೆ ಬಡ್ಡಿ ಹೋಗುವುದಿಲ್ಲ. ನಾನು ಎಂಟು ತಿಂಗಳು ಭಿಶಿ (ಚೀಟಿ) ಹಣವನ್ನೆಲ್ಲ ಒಂದು ಕೈಗಡಕ್ಕೆ ಸುರಿದೆ. ಆಮೇಲೇ ಮಿಕ್ಕದ್ದು ಶುರು.

ಮನೆಯಲ್ಲಿ ನಗದು ಬೇಕು, ಅದೂ ಚಿಲ್ಲರೆಯಲ್ಲಿ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದ ಮೇಲೆ ಕೈಗೆ ಬಂದ ಹೊಸ 2000ದ ನೋಟು ಹಿಡಿದು ಹೋದರೆ ಕಾಯಿಪಲ್ಲೆಯವಳು ಅದನ್ನು ಮುಟ್ಟುತ್ತಲೂ ಇರಲಿಲ್ಲ. ಹತ್ತು, ಇಪ್ಪತ್ತು, ಐವತ್ತು, ನೂರರ ನೋಟು ಇದ್ದವನೇ ಅಂದಿನ ಸಾಹುಕಾರ. ವಾರಕ್ಕೆ ಇನ್ನೂರು ಮುನ್ನೂರು ತೆಗೆದಿಡುತ್ತ ಹೋಗಿ, ಒಂದು ತಿಂಗಳ ಸಂತೆಗೆ ಆಗುವಷ್ಟಾದ ಮೇಲೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ನಗದು ಬೇಡ. ಬೆಲೆ ಏರಿದಷ್ಟೂ ನೋಟು ಸಣ್ಣದಾಗುತ್ತದೆ, ಕಳ್ಳನ ಭಯ ಬೇರೆ.

ಬ್ಯಾಂಕಿನದು ಇನ್ನೊಂದು ಮಾತು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಓಣಿಗೊಂದು ಪತ್ತಿನ ಸಂಘ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೆಯೇ. ಆದರೆ ಠೇವಣಿ ವಿಮೆ ಇರುವುದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು, ಠೇವಣಿಗೆ ವಿಮೆ ಕೊಡುವ ಸರಕಾರಿ ನಿಗಮ ಡಿಐಸಿಜಿಸಿಯಲ್ಲಿ ನೋಂದಾಯಿಸಿದ ಬ್ಯಾಂಕುಗಳಿಗೆ ಮಾತ್ರ. 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಎಲ್ಲ ಶಾಖೆ ಸೇರಿ 5 ಲಕ್ಷದವರೆಗೆ, ಅಸಲು ಬಡ್ಡಿ ಎರಡೂ ಕೂಡಿ. ಸಹಕಾರಿ ಬ್ಯಾಂಕೂ ಇದರಲ್ಲಿ ಬರುತ್ತದೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿ ಬರುವುದಿಲ್ಲ. ನಾನು ಎರಡು ಪರ್ಸೆಂಟ್ ಹೆಚ್ಚಿನ ಬಡ್ಡಿಯಾಸೆಗೆ 40,000 ರೂಪಾಯಿ ಅಂಥದೊಂದರಲ್ಲಿ ಇಟ್ಟು, ಬೀಗ ಹಾಕಿದ ಬಾಗಿಲ ಮುಂದೆ ಎಷ್ಟೋ ಸಲ ನಿಂತು ಬಂದಿದ್ದೇನೆ. ನೀವು ಕೌಂಟರಿನಲ್ಲೇ ಕೇಳಿ, “ಇದಕ್ಕ ಡಿಐಸಿಜಿಸಿ ವಿಮಾ ಐತೇನ್ರಿ?” ಉತ್ತರ ಉದ್ದವಾದರೆ ಎದ್ದು ಬನ್ನಿ. ಖಾತೆ ಎರಡು ಬೇರೆ ಬೇರೆ ಬ್ಯಾಂಕಿನಲ್ಲಿರಲಿ, ಒಂದರ ಯುಪಿಐ ನಿಂತರೆ ಇನ್ನೊಂದು ಇರುತ್ತದೆ.

ಬಂಗಾರದ ಬಗ್ಗೆ ಒಂದೇ ಮಾತು: ಇದ್ದರೆ ಇರಲಿ, ತಯಾರಿಗೆಂದು ಹೊಸ ಆಭರಣ ಮಾಡಿಸಬೇಡಿ. ಮಜೂರಿ ಹೋಗುತ್ತದೆ, ಊರೆಲ್ಲ ಮಾರಲು ನಿಂತ ದಿನ ಅಂಗಡಿಯವನು ಹೇಳಿದ್ದೇ ದರ.

ಕಾಳು

ನಾಲ್ಕು ಜನರ ಮನೆಗೆ ಒಂದು ತಿಂಗಳ ನನ್ನ ಲೆಕ್ಕ ಹೀಗಿದೆ. ಬಿಳಿಜೋಳ 30 ಕಿಲೋ, ಅಕ್ಕಿ 12, ತೊಗರಿ ಬೇಳೆ 4, ಹೆಸರು ಅಥವಾ ಮಡಕಿ ಕಾಳು 2, ಶೇಂಗಾ 3, ಎಣ್ಣೆ 4 ಲೀಟರ್, ಬೆಲ್ಲ 3 ಕಿಲೋ. ಉಪ್ಪು, ಖಾರ, ಹುಣಸೆ, ಚಹಾಪುಡಿ ಬೇರೆ. ಇದನ್ನು ಕೂಡಿಸಿ ಹಂಚಿದರೆ ದಿನಕ್ಕೆ ತಲಾ ಸುಮಾರು 1,900 ಕ್ಯಾಲೊರಿ ಬರುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಸಾಕು, ನಾಲ್ವರೂ ಹೊಲದಲ್ಲಿ ದುಡಿಯುವವರಾದರೆ ಜೋಳ ಹತ್ತು ಕಿಲೋ ಹೆಚ್ಚಿಸಿ. ನಾನು ಕೊಂಡಾಗ ಒಟ್ಟು ಐದು ಸಾವಿರದ ಒಳಗೇ ಆಯಿತು. ವಾರಕ್ಕೆ 400 ರೂಪಾಯಿ ತೆಗೆದಿಟ್ಟರೆ ಮೂರು ತಿಂಗಳ ಕೆಲಸ. ರೇಶನ್ ಕಾರ್ಡಿನ ಅಕ್ಕಿ ಬರುವವರಿಗೆ ಇನ್ನೂ ಕಡಿಮೆ. ಆದರೆ ಇ-ಕೆವೈಸಿ ಬಾಕಿ ಉಳಿಸಿಕೊಳ್ಳಬೇಡಿ, ಕಷ್ಟಕಾಲದಲ್ಲಿ ಆ ಕಾರ್ಡೇ ದೊಡ್ಡ ಆಸ್ತಿ.

ರೊಕ್ಕ ಉಳಿಯುವುದು ಕೊಳ್ಳುವ ಕಾಲದಲ್ಲಿ. ತೊಗರಿ ಜನವರಿ ಆಸುಪಾಸು ಬರುತ್ತದೆ. ಬೆಲ್ಲ ಕಬ್ಬಿನ ಹಂಗಾಮಿನಲ್ಲಿ, ಮಹಾಲಿಂಗಪುರದ ಪೇಟೆಗೆ ರಾಶಿ ರಾಶಿ ಬೀಳುವಾಗ. ಹಿಂಗಾರಿ ಜೋಳದ ರಾಶಿ ಫೆಬ್ರುವರಿ, ಮಾರ್ಚ್. ಉಳ್ಳಾಗಡ್ಡಿ ಬೇಸಿಗೆಯದನ್ನೇ ಕೊಳ್ಳಿ, ಅದು ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ತಾಳುತ್ತದೆ. ಮಳೆಗಾಲದ್ದು ಹದಿನೈದು ದಿನಕ್ಕೆ ನಾರುತ್ತದೆ. “ಡೋಣಿ ಹರಿದರೆ ಓಣಿಯೆಲ್ಲ ಜೋಳ” ಅನ್ನುವ ನೆಲ ಇದು, ಡೋಣಿ ನಮ್ಮ ಕಡೆಯ ಹೊಳೆ. ಸಾಧ್ಯವಾದರೆ ಅಂಗಡಿ ಬಿಟ್ಟು ಪರಿಚಯದ ರೈತರಿಂದಲೇ ಚೀಲ ಎತ್ತಿ, ಇಬ್ಬರಿಗೂ ನಾಲ್ಕು ಕಾಸು ಉಳಿಯುತ್ತದೆ.

ನನ್ನ ತಪ್ಪು ಹೇಳುತ್ತೇನೆ. 2020ರ ಜೂನಿನಲ್ಲಿ ಹೆದರಿಕೆಯಿಂದ ಒಂದು ಕ್ವಿಂಟಲ್ ಜೋಳ ತಂದು ಚೀಲದಲ್ಲೇ ಮೂಲೆಗೆ ನಿಲ್ಲಿಸಿದೆ. ಮಳೆಗಾಲದ ತೇವ. ದಸರೆಗೆ ಚೀಲ ಬಿಚ್ಚಿದರೆ ಕಾಳಿಗಿಂತ ನುಸಿ ಹೆಚ್ಚು. ಅರ್ಧಕ್ಕೂ ಹೆಚ್ಚು ಎಮ್ಮೆ ಸಾಕಿದವರಿಗೆ ಕೊಟ್ಟೆ. ಆ ಮೇಲೆ ಅವ್ವ ಕಲಿಸಿದ ಪದ್ಧತಿ ಇದು.

ಜೋಳವನ್ನು ಮಾಳಿಗೆಯ ಮೇಲೆ ತೆಳ್ಳಗೆ ಹರವಿ ಎರಡು ದಿನ ಕಡು ಬಿಸಿಲಿಗೆ ಒಣಗಿಸಿ. ಎರಡನೇ ಸಂಜೆ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯಿರಿ. ‘ಕಟ್’ ಅಂತ ಎರಡು ಹೋಳಾಗಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕು ಚಪ್ಪಟೆಯಾದರೆ ಇನ್ನೊಂದು ದಿನ ಬೇಕು. ಒಣಗಿತೆಂದು ಬಿಸಿಬಿಸಿ ತುಂಬಬಾರದು, ಡಬ್ಬಿಯೊಳಗೆ ಬೆವರುತ್ತದೆ. ರಾತ್ರಿಯೆಲ್ಲ ಮನೆಯೊಳಗೆ ಹಾಸಿ ಆರಿಸಿ, ಬೆಳಗ್ಗೆ ತುಂಬಿ. 15 ಕಿಲೋ ಎಣ್ಣೆಯ ಖಾಲಿ ಡಬ್ಬಿ ಹೋಟೆಲಿನವರಲ್ಲಿ ಅಗ್ಗಕ್ಕೆ ಸಿಗುತ್ತದೆ. ಸೋಡಾ ಹಾಕಿ ತೊಳೆದು ಒಣಗಿಸಿದರೆ ಒಂದಕ್ಕೆ ಸುಮಾರು 12 ಕಿಲೋ ಜೋಳ ಹಿಡಿಯುತ್ತದೆ. ತಳಕ್ಕೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಅದರ ಮೇಲೆ ಕಾಳು, ನಡುವೆ ಮತ್ತೆ ಎಲೆ. ಬಾಯಿವರೆಗೆ ಒತ್ತಿ ತುಂಬಿ, ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಮುಚ್ಚಳದ ಸುತ್ತ ಟೇಪು ಸುತ್ತಿ ತಿಂಗಳು, ವರ್ಷ ಬರೆಯಿರಿ. ದೊಡ್ಡ ಡ್ರಮ್ಮಿಗಿಂತ ಮೂರು ಸಣ್ಣ ಡಬ್ಬಿಯೇ ಲೇಸು. ಒಂದನ್ನು ತೆರೆದರೂ ಉಳಿದೆರಡಕ್ಕೆ ಗಾಳಿ ಸೋಕುವುದಿಲ್ಲ.

ತೊಗರಿ ಬೇಳೆಗೆ ಕಿಲೋಗೆ ಒಂದು ಚಮಚೆಯಷ್ಟು ಔಡಲೆಣ್ಣೆ ಸವರಿ ಇಡಿ, ಅಡುಗೆಗೆ ಮುನ್ನ ತೊಳೆದರಾಯಿತು. ಹಿಟ್ಟು ಮಾಡಿಸಿ ಇಡಬೇಡಿ. ಜೋಳದ ಹಿಟ್ಟು ಕೆಲವೇ ವಾರಕ್ಕೆ ಕಹಿಯಾಗುತ್ತದೆ, ರೊಟ್ಟಿ ಬಡಿಯುವಾಗ ಜಿಗಿಯಿಲ್ಲದೆ ಹರಿಯುತ್ತದೆ. ಕಾಳೇ ಇರಲಿ. ಗಿರಣಿಗೆ ಕರೆಂಟಿಲ್ಲದ ದಿನಕ್ಕೆ ಬೀಸುವ ಕಲ್ಲು ಬೇಕು. ನಮ್ಮದು ಅಟ್ಟದ ಮೇಲಿತ್ತು, ಹತ್ತು ವರ್ಷದಿಂದ ಅದರ ಮೇಲೆ ಟಿವಿಯ ಖಾಲಿ ಪೆಟ್ಟಿಗೆ. ಬೀಸುವ ಕಲ್ಲೇ ಇಲ್ಲದಿದ್ದರೆ ಜೋಳದ ನುಚ್ಚು ಮಾಡಲು ಒಳಕಲ್ಲಾದರೂ ಇರಲಿ.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಗೊಬ್ಬರದಂಗಡಿಯಲ್ಲಿ ಸಿಗುವ ನುಸಿ ಗುಳಿಗೆಯನ್ನು, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್ ಅನ್ನು, ಮಲಗುವ ಮನೆಯಲ್ಲಿ ಇಡಲೇಬೇಡಿ. ತೇವ ತಾಕಿದರೆ ಅದು ಬಿಡುವ ಗಾಳಿ ಮನೆಮಂದಿಯನ್ನೇ ಕೊಲ್ಲುತ್ತದೆ. ನಮ್ಮ ಹಿರಿಯರು ವರ್ಷಗಟ್ಟಲೆ ಜೋಳ ಕಾಯ್ದ ಹಗೇವಿನಲ್ಲಿ ಔಷಧಿ ಇರಲಿಲ್ಲ. ನೆಲದೊಳಗಿನ ಆ ಗುಂಡಿಯಲ್ಲಿ ಗಾಳಿಯಾಡದ್ದರಿಂದಲೇ ಹುಳ ಬದುಕುತ್ತಿರಲಿಲ್ಲ. ಮನುಷ್ಯನೂ ಬದುಕುವುದಿಲ್ಲ. ಹಳೇ ಮನೆಯ ಹಗೇವು ತೆರೆದರೆ ತಾಸುಗಟ್ಟಲೆ ಗಾಳಿಗೆ ಬಿಡಿ, ದೀಪ ಇಳಿಸಿ ನೋಡಿ, ದೀಪ ಆರಿದರೆ ಇಳಿಯಬೇಡಿ. ಉರಿದರೂ ಒಬ್ಬರೇ ಇಳಿಯಬೇಡಿ.

ಬೆಂಕಿಯೇ ಇಲ್ಲದ ದಿನಕ್ಕೆ ನಮ್ಮಲ್ಲಿ ತಯಾರಾದ ಊಟ ಇದ್ದೇ ಇದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ರಂಜಕ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಂದಾಗ ಊರೂರಿಂದ ಗಂಟು ಕಟ್ಟಿ ಕಳಿಸಿದ್ದು ಇದನ್ನೇ. ತೆಳ್ಳಗೆ ಬಡಿದು, ಹಂಚಿನ ಬದಿಗೆ ಒರಗಿಸಿ ಗರಿಗರಿ ಒಣಗಿಸಿದ ಐವತ್ತು ರೊಟ್ಟಿ ಬಿಳಿ ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ತೇವ ತಾಕದಿದ್ದರೆ ತಿಂಗಳು ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ತಿಂಡಿ ಇದರ ಮುಂದೆ ಏನೂ ಅಲ್ಲ, ದುಬಾರಿ ಬೇರೆ. ಕಾಯಿಪಲ್ಲೆ ಸಿಗದಿದ್ದರೆ ಮಡಕಿ ಕಾಳು ಮೊಳಕೆ ಕಟ್ಟಿ, ಒಣ ಕಾಳಿನಲ್ಲಿ ಇಲ್ಲದ ‘ಸಿ’ ಜೀವಸತ್ವ ಮೊಳಕೆಯಲ್ಲಿದೆ. ಮೆಂತ್ಯ ಪಲ್ಲೆ ಹಳೇ ಬುಟ್ಟಿಯಲ್ಲೂ ಮೂರು ನಾಲ್ಕು ವಾರಕ್ಕೆ ಬರುತ್ತದೆ.

ಹಳೆಯದನ್ನು ಮೊದಲು ತಿನ್ನಿ, ಹೊಸದನ್ನು ಹಿಂದಿಡಿ. ತಿನ್ನದೆ ಕೂಡಿಟ್ಟರೆ ಅದು ನುಸಿಗೇ ಸಂಗ್ರಹ.

ನೀರು, ಬೆಂಕಿ, ಬೆಳಕು

ನೀರಿನ ವಿಷಯದಲ್ಲಿ ನಮ್ಮ ಊರಿನವರಿಗೆ ಪಾಠ ಬೇಕಿಲ್ಲ, ನಳ ಬರುವ ದಿನ ಕಾಯ್ದು ಅಭ್ಯಾಸವಿದೆ. ವಿಜಯಪುರಕ್ಕೆ ನೀರು ಕೊಲ್ಹಾರದ ಕಡೆಯಿಂದ, ಕೃಷ್ಣೆಯ ಹಿನ್ನೀರಿನಿಂದ ಪಂಪಿನಲ್ಲಿ ಏರಿ ಬರಬೇಕು. ಕರೆಂಟು ಕೈಕೊಟ್ಟರೆ ನೀರೂ ಕೈಕೊಟ್ಟಂತೆ. ಕುಡಿಯಲು, ಅಡುಗೆಗೆ ತಲಾ ದಿನಕ್ಕೆ 4 ಲೀಟರ್ ಹಿಡಿದರೆ ನಾಲ್ವರಿಗೆ ಒಂದು ವಾರಕ್ಕೆ 112 ಲೀಟರ್. ಇಪ್ಪತ್ತು ಲೀಟರಿನ ಆರು ಕ್ಯಾನು ಸಾಕು. ಬಳಸುವ ನೀರು ಬೇರೆ, ಅದಕ್ಕೆ ಡ್ರಮ್ಮು. ಸಂಶಯದ ನೀರನ್ನು ನಾಲ್ಕು ಮಡಿಕೆ ಅರಿವೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷ ಕುದಿಸಿ. ಆದರೆ ನಮ್ಮ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ. ಅದು ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಹತ್ತಿರದ ಬೋರು, ಬಾವಿ ಯಾವುದು ಕುಡಿಯಲು ಯೋಗ್ಯ ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಗ್ಯಾಸ್ ಸಿಲಿಂಡರ್ ಎರಡಿರಲಿ, ಒಂದು ಖಾಲಿಯಾದ ದಿನವೇ ಬುಕ್ ಮಾಡಿ. ಜೊತೆಗೆ ಮೂರು ಇಟ್ಟಂಗಿಯ ಒಲೆ, ಒಂದು ಚೀಲ ಕುಳ್ಳು, ತೊಗರಿ ಕಟ್ಟಿಗೆಯ ಒಂದು ಹೊರೆ. ಬೇಳೆ ರಾತ್ರಿ ನೆನೆಯಿಟ್ಟರೆ ಅರ್ಧ ಉರಿ ಉಳಿಯುತ್ತದೆ. ಇದ್ದಿಲ ಶೇಗಡಿಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿ ಮಲಗಬೇಡಿ, ಹೊಗೆ ಕಾಣದಿದ್ದರೂ ಅದರ ಗಾಳಿ ಪ್ರಾಣ ತೆಗೆಯುತ್ತದೆ. ಬೆಳಕಿಗೆ ಒಂದು ಸೋಲಾರ್ ದೀಪ, ಸುದ್ದಿಗೆ ಸೆಲ್ಲಿನ ಒಂದು ರೇಡಿಯೊ. ನೆಟ್ ಬಂದ್ ಮಾಡಿದರೂ ಆಕಾಶವಾಣಿ ಮಾತಾಡುತ್ತದೆ.

ಗುಳಿಗೆ, ಕಾಗದ

ಬಿಪಿ, ಸಕ್ಕರೆ, ಥೈರಾಯ್ಡ್ ಗುಳಿಗೆ ನಿತ್ಯ ನುಂಗುವವರು ಡಾಕ್ಟರರಿಗೆ ಹೇಳಿ ಒಂದು ತಿಂಗಳದ್ದು ಮುಂಗಡ ಬರೆಸಿಕೊಳ್ಳಿ. ಜನೌಷಧಿ ಅಂಗಡಿಯಲ್ಲಿ ಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಓಆರ್‌ಎಸ್, ಪ್ಯಾರಾಸಿಟಮಾಲ್, ಗಾಯಕ್ಕೆ ಪಟ್ಟಿ, ಹೆಣ್ಣುಮಕ್ಕಳ ಪ್ಯಾಡು. ಇನ್ಸುಲಿನ್ ಇದ್ದರೆ ಕರೆಂಟಿಲ್ಲದ ದಿನಕ್ಕೆ ಹೊಸ ಮಣ್ಣಿನ ಗಡಿಗೆ, ಒದ್ದೆ ಅರಿವೆ. ಇಟ್ಟ ಔಷಧಿಗೆ ನೀರು ತಾಕದಿರಲಿ.

ಆಧಾರ್, ರೇಶನ್ ಕಾರ್ಡು, ಹೊಲದ ಉತಾರ (ಪಹಣಿ), ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು, ಇವುಗಳ ಝೆರಾಕ್ಸ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನ ನೆಂಟರಲ್ಲಿ.

ಗಲಾಟೆ ಶುರುವಾದರೆ

2022ರ ಡಿಸೆಂಬರಿನಲ್ಲಿ ಗಡಿ ವಿವಾದ ಬಿಸಿಯೇರಿ ಬೆಳಗಾವಿ ಕಡೆ ಕಲ್ಲು ಬಿದ್ದಾಗ ಕರ್ನಾಟಕ, ಮಹಾರಾಷ್ಟ್ರದ ನಡುವೆ ಬಸ್ಸೇ ನಿಂತವು. ಮಿರಜಿನ ಆಸ್ಪತ್ರೆಗೆ ಹೋಗುವವರು, ಕೊಲ್ಹಾಪುರಕ್ಕೆ ಮಾಲು ತರಲು ಹೋಗುವವರು ಸಿಕ್ಕಿಬಿದ್ದರು. ಗಲಾಟೆ ಅಂದರೆ ಬಹುತೇಕ ಇಷ್ಟೇ: ದಾರಿ ಬಂದ್, ಅಂಗಡಿ ಬಂದ್, ನೆಟ್ ಬಂದ್. ಒಂದು ತಿಂಗಳು ಮುಂದಿರುವ ಮನೆಗೆ ಹೊರಗೆ ಹೋಗುವ ಕೆಲಸವೇ ಇರುವುದಿಲ್ಲ, ಅದಕ್ಕಿಂತ ದೊಡ್ಡ ಕಾವಲಿಲ್ಲ.

ಮೆರವಣಿಗೆ, ಧರಣಿ ಕೂಡುವ ಜಾಗ ನಿಮ್ಮೂರಲ್ಲಿ ಯಾವುದೆಂದು ನಿಮಗೇ ಗೊತ್ತು. ವಿಜಯಪುರದಲ್ಲಿ ಗಾಂಧಿ ಚೌಕ, ಬೆಳಗಾವಿಯಲ್ಲಿ ಚನ್ನಮ್ಮ ವೃತ್ತ. ಅವನ್ನು ತಪ್ಪಿಸಿ ಸಾಲೆಯಿಂದ, ಕೆಲಸದಿಂದ ಮನೆಗೆ ಬರುವ ಎರಡು ದಾರಿ ಮಕ್ಕಳನ್ನು ಕರೆದುಕೊಂಡು ನಡೆದು ನೋಡಿ. ಫೋನ್ ಹತ್ತದಿದ್ದರೆ ಎಲ್ಲಿ ಕೂಡಬೇಕು, ಬೇರೂರಿನ ಯಾರಿಗೆ ಸುದ್ದಿ ಮುಟ್ಟಿಸಬೇಕು ಅಂತ ಮೊದಲೇ ಮಾತಾಗಿರಲಿ. ನಂಬರುಗಳು ಕಾಗದದ ಮೇಲಿರಲಿ, ತುರ್ತಿಗೆ 112. ಗಾಡಿಯ ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ, ಕ್ಯಾನಿನಲ್ಲಿ ತಂದು ಮನೆಯಲ್ಲಿ ಮಾತ್ರ ಇಡಬೇಡಿ.

ನಿಷೇಧಾಜ್ಞೆಗೂ ಕರ್ಫ್ಯೂಗೂ ವ್ಯತ್ಯಾಸವಿದೆ. ಮೊದಲಿನ 144, 2024ರ ಜುಲೈ 1ರಿಂದ ಹೊಸ ಕಾನೂನಿನ 163ನೇ ಕಲಂ, ಸಾಮಾನ್ಯವಾಗಿ ಗುಂಪು ಕೂಡುವುದನ್ನು ತಡೆಯುತ್ತದೆ. ಕರ್ಫ್ಯೂ ಅಂದರೆ ಮನೆಯಿಂದಲೇ ಹೊರಬೀಳುವಂತಿಲ್ಲ. ಸಡಿಲಿಕೆ ಕೊಟ್ಟ ತಾಸಿನಲ್ಲಿ ಎಲ್ಲರ ಜೊತೆ ನುಗ್ಗಬೇಡಿ.

ಗಾಳಿಸುದ್ದಿ ಮುಂದೆ ಕಳಿಸಬೇಡಿ. 2016ರ ನವೆಂಬರಿನಲ್ಲಿ ಉಪ್ಪು ಖಾಲಿಯಾಯಿತೆಂಬ ಸುಳ್ಳು ಹಬ್ಬಿ ಉತ್ತರ ಭಾರತದಲ್ಲಿ ಜನ ನೂರಾರು ರೂಪಾಯಿ ಕೊಟ್ಟು ಒಂದು ಕಿಲೋ ಉಪ್ಪು ತಂದರು, ಮೂರೂ ಕಡೆ ಸಮುದ್ರವಿರುವ ದೇಶದಲ್ಲಿ.

ಬಡಿಗೆ, ಮಚ್ಚು ಅಂತ ಯೋಚಿಸುವವರಿಗೆ ನನ್ನದೊಂದೇ ಪ್ರಶ್ನೆ: ಪಕ್ಕದ ಮನೆಯವರ ಹೆಸರು ಗೊತ್ತೇ? ನಮ್ಮ ಓಣಿಯಲ್ಲಿ ಬೋರ್ ಇರುವುದು ಎದುರಿನ ಚಾಚಾನ ಹಿತ್ತಲಲ್ಲಿ. ಸೂಜಿ ಮಾಡಲು ಬರುವ ಸಿಸ್ಟರ್ ಮೂಲೆಮನೆಯ ಅಕ್ಕೋರು. ಆಟೊ ಇರುವವನು ಇನ್ನೊಬ್ಬ. ಮಂದಿ ಜಾತಿ, ಧರ್ಮದ ಮೇಲೆ ಒಡೆದು ನಿಂತ ದಿನ ಹೊಸದಾಗಿ ಪರಿಚಯ ಮಾಡಿಕೊಳ್ಳಲಾಗುವುದಿಲ್ಲ. ಹಬ್ಬಕ್ಕೊಂದು ಹೋಳಿಗೆ, ರಂಜಾನಿಗೊಂದು ಸುರಕುಂಬಾ ಬಂದು ಹೋಗುತ್ತಿದ್ದರೆ ಸಾಕು. ಲಾಕ್‌ಡೌನಿನಲ್ಲಿ ನಮಗೆ ಮೊದಲ ಎಂಟು ಕಿಲೋ ಜೋಳ ಕೊಟ್ಟವರು ಚಾಚಾನೇ, “ಇಟ್ಕೋ ಬೇಟಾ, ಬಂದಾಗ ಕೊಡೀಯಂತ” ಅಂತ. ಹಾಗಂತ ಮನೆಯಲ್ಲಿ ಎಷ್ಟು ಡಬ್ಬಿ ಇದೆ ಅಂತ ಊರಿಗೆಲ್ಲ ಸಾರಬೇಡಿ. ಸ್ಟೇಟಸ್ಸಿಗೆ ಫೋಟೊ ಹಾಕುವುದಂತೂ ಬೇಡವೇ ಬೇಡ. ಕೇಳಿ ಬಂದವರಿಗೆ ಕೊಡಲು ಒಂದು ಡಬ್ಬಿ ಹೆಚ್ಚಿಗೆ ಇರಲಿ.

ಎರಡು ದಿನದ ಪರೀಕ್ಷೆ

ಎಲ್ಲ ಆಯಿತು ಅನ್ನಿಸಿದ ಮೇಲೆ ಒಂದು ಶನಿವಾರ, ರವಿವಾರ ಮೇನ್ ಸ್ವಿಚ್ ಇಳಿಸಿ, ನಳ ತಿರುಗಿಸಬೇಡಿ, ಗ್ಯಾಸ್ ಹಚ್ಚಬೇಡಿ, ಫೋನಿನಿಂದ ಒಂದು ರೂಪಾಯಿಯೂ ಕೊಡಬೇಡಿ. ನಾವು ಮಾಡಿದಾಗ ಜೋಳವಿತ್ತು, ನೀರಿತ್ತು, ಕುಳ್ಳಿತ್ತು. ಬೀಸುವ ಕಲ್ಲಿನ ಗೂಟ ಸಡಿಲಾಗಿತ್ತು, ಅವ್ವ ಅದಕ್ಕೆ ಅರಿವೆ ಚೂರು ಸುತ್ತಿ ಗಟ್ಟಿ ಮಾಡಿದಳು. ಟಾರ್ಚಿನೊಳಗೆ ಹಳೇ ಸೆಲ್ಲು ಸೋರಿ ಹಸಿರುಗಟ್ಟಿತ್ತು. ಒಲೆ ಹಚ್ಚಲು ಹೋದರೆ ಮನೆಯಲ್ಲಿ ಕಡ್ಡಿಪೆಟ್ಟಿಗೆಯೇ ಇಲ್ಲ, ಗ್ಯಾಸ್ ಲೈಟರಿನ ಕಿಡಿಗೆ ಕುಳ್ಳು ಹತ್ತಲಿಲ್ಲ. ಕೊನೆಗೆ ಮಗ ದೇವರ ಜಗಲಿಯ ಹಿಂದಿನಿಂದ ಮೂರೇ ಕಡ್ಡಿ ಉಳಿದ ಒಂದು ಹಳೇ ಪೆಟ್ಟಿಗೆ ಹುಡುಕಿ ತಂದ. ಎರಡು ಕಡ್ಡಿ ಮುರಿದವು, ಮೂರನೆಯದಕ್ಕೆ ಒಲೆ ಹತ್ತಿತು. ಈಗ ಕಡ್ಡಿಪೆಟ್ಟಿಗೆ ಮೂರು ಕಡೆ ಇವೆ: ಜಗಲಿಯಲ್ಲಿ, ಜೋಳದ ಡಬ್ಬಿಯ ಮೇಲೆ, ಕಾಗದದ ಚೀಲದೊಳಗೆ.